ಸಂಗೀತದ ಒಲವು, ಯಂತ್ರದ ಸೆಳೆತ

1933ರಲ್ಲಿ 11 ವರ್ಷದ ಬಾಲಕ ಭೀಮಸೇನ ಜೋಶಿ ಗುರುವನ್ನು ಅರಸಿ ಮನೆ ಬಿಟ್ಟು ಹೊರಟರು. ಅವರಲ್ಲಿ ಆ ಹಂಬಲ ಹುಟ್ಟಿಸಿದ್ದು ಅಬ್ದುಲ್ ಕರೀಂ ಖಾನರ ಠುಮ್ರಿಯ ಒಂದು ಗ್ರಾಮಫೋನ್ ತಟ್ಟೆ. ಆ ಕಾಲದ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷದ ಹಾಡು. ಜೊತೆಗೆ ಕರಕರ ಸದ್ದು. ಒಲವು ಯಂತ್ರದ ಬೆಲೆಗಾಗಿ ಕಾಯುವುದಿಲ್ಲ.

ಹಾಗೆಂದು ಒಳ್ಳೆಯ ಉಪಕರಣ ವ್ಯರ್ಥವಲ್ಲ. ತಂಬೂರಿಯ ನಾದ, ಮೃದಂಗದ ಎಡಮುಖದ ಗುಂಕಾರ ಅದರಲ್ಲಿ ಸ್ಪಷ್ಟವಾಗುತ್ತವೆ. ಆದರೆ ಕಿವಿಗೂ ಮಿತಿಯುಂಟು. ನಮಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳಷ್ಟೇ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು ದಾಖಲಿಸುವುದರಿಂದ ಈ ಇಡೀ ವ್ಯಾಪ್ತಿ ಅದರಲ್ಲೇ ಅಡಕವಾಗುತ್ತದೆ. ಕೇಳಿಸದ ಕಂಪನಕ್ಕೆ ಹಣ ತೆರುವುದೇಕೆ?

ಹೆಡ್‌ಫೋನ್ ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿ. ಚೆನ್ನಾಗಿ ಪರಿಚಯವಿರುವ ಒಂದೇ ಹಾಡನ್ನು ಎರಡರಲ್ಲೂ ಕೇಳಿ. ಇಬ್ಬರ ಬೆಲೆ ಹೋಲಿಸಿದಂತಲ್ಲ, ಧ್ವನಿಯ ಏರಿಕೆಯನ್ನು ಸಮ ಮಾಡಿಕೊಳ್ಳಿ. ಜೋರಾದದ್ದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಬೆಲೆಯ ಚೀಟಿ ನೋಡಬೇಡಿ. ವ್ಯತ್ಯಾಸ ತಿಳಿಯದಿದ್ದರೆ ಅಗ್ಗದ್ದೇ ಸಾಕು. ಉಳಿದ ಹಣ ಕಚೇರಿಯ ಟಿಕೆಟಿಗೋ ಸಂಗೀತ ಪಾಠಕ್ಕೋ ಆದೀತು. ಅದರಿಂದ ಕಿವಿಯೇ ಪಳಗುತ್ತದೆ.