ಮರೆವಿನ ಹಿರಿಯರಿಗೊಂದು ನೆನಪಿನ ಪೆಟ್ಟಿಗೆ

ಮುಂಜಾನೆ ತಿಂದ ರೊಟ್ಟಿಯನ್ನು ಹತ್ತು ಗಂಟೆಗೆ ಮರೆತು, ‘ನನಗ ಯಾರೂ ಉಣ್ಣಾಕ ಕೊಟ್ಟಿಲ್ಲ’ ಎಂದು ಗೊಣಗುವ ಆಯಿ, ಐವತ್ತು ವರ್ಷದ ಹಿಂದಿನ ತನ್ನ ಮದುವೆಯ ಸಂಗತಿಯನ್ನು ಮಾತ್ರ ನಿನ್ನೆ ನಡೆದಂತೆ ಹೇಳುತ್ತಾಳೆ. ಮನೆಯವರಿಗೆ ಇದು ಹಟವೆಂದು ತೋರುತ್ತದೆ. ಹಟವಲ್ಲ, ನಾಟಕವೂ ಅಲ್ಲ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ ಮೊದಲು ವಿವರಿಸಿದ ಮರೆವಿನ ಕಾಯಿಲೆಯಲ್ಲಿ, ಹೊಸ ಸಂಗತಿಗಳನ್ನು ದಾಖಲಿಸಿಕೊಳ್ಳುವ ಮಿದುಳಿನ ಭಾಗ ಮೊದಲು ಸವೆಯುತ್ತದೆ. ಹಳೆಯ ನೆನಪುಗಳು ಬಹುಕಾಲ ಉಳಿಯುತ್ತವೆ.

ಉಳಿದ ಆ ನೆನಪುಗಳ ಮೂಲಕವೇ ಹಿರಿಯರೊಡನೆ ಮಾತು ಮುಂದುವರಿಸಲು ಸಾಧ್ಯ. ಅದಕ್ಕೆ ಬೇಕಾದ ಸಾಧನವನ್ನು ನೀವೇ ಮನೆಯಲ್ಲಿ ತಯಾರಿಸಬಹುದು. ಅದೇ ಫೋಟೋಗಳ ಪೆಟ್ಟಿಗೆ.

ಮೊದಲು ವೈದ್ಯರು, ಆಮೇಲೆ ಪೆಟ್ಟಿಗೆ

2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಪ್ರಕಾರ ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆದರೆ ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಮನೋಖಿನ್ನತೆ, ಕಿವಿ ಮಂದವಾಗುವುದು, ಕೆಲವು ಮಾತ್ರೆಗಳು ಕೂಡ ಮರೆವಿನಂತೆ ಕಾಣಿಸುವ ಲಕ್ಷಣಗಳನ್ನು ತರುತ್ತವೆ. ಇವುಗಳಿಗೆ ಚಿಕಿತ್ಸೆ ಇದೆ. ಹೀಗಾಗಿ ‘ವಯಸ್ಸಾತು, ಇನ್ನೇನ ಆಗೂದೈತಿ’ ಎಂದು ಕೈಚೆಲ್ಲಬೇಡಿ. ಒಮ್ಮೆ ವೈದ್ಯರಿಗೆ ತೋರಿಸಿ. ನಿನ್ನೆಯವರೆಗೆ ಸರಿಯಿದ್ದವರು ಒಮ್ಮೆಲೇ ಗೊಂದಲಕ್ಕೆ ಬಿದ್ದರೆ, ಮಾತು ತೊದಲಿದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ತಯಾರಿಸುವ ಬಗೆ

ಹದಿನಾರು ಇಂಚು ಉದ್ದ, ಹದಿನಾಲ್ಕು ಇಂಚು ಅಗಲದ ದಪ್ಪ ರಟ್ಟು ತೆಗೆದುಕೊಳ್ಳಿ. ನಾಲ್ಕೂ ಅಂಚಿನಿಂದ ನಾಲ್ಕು ಇಂಚು ಒಳಗೆ ಗೆರೆ ಎಳೆಯಿರಿ. ಮೂಲೆಗಳಲ್ಲಿ ಮೂಡುವ ನಾಲ್ಕು ಚೌಕಗಳನ್ನು ಕತ್ತರಿಸಿ ತೆಗೆಯಿರಿ. ಗೆರೆಗಳ ಮೇಲೆ ಚಾಕುವಿನ ಮೊಂಡು ಬೆನ್ನಿನಿಂದ ಒತ್ತಿ, ನಾಲ್ಕು ಬದಿಗಳನ್ನು ಮೇಲಕ್ಕೆ ಮಡಚಿದರೆ ಎಂಟು ಇಂಚು ಉದ್ದ, ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಪೆಟ್ಟಿಗೆ ನಿಲ್ಲುತ್ತದೆ. ಮೂಲೆಗಳಿಗೆ ಹಳೆಯ ಧೋತರದ ಪಟ್ಟಿ ಅಂಟಿಸಿ ಬಿಗಿ ಮಾಡಿ. ಮುಚ್ಚಳಕ್ಕೆ ಎಂಟೂವರೆ ಇಂಚು ಉದ್ದ, ಆರೂವರೆ ಇಂಚು ಅಗಲದ ಇನ್ನೊಂದು ರಟ್ಟು ಸಾಕು. ಅದನ್ನು ಹಿಂಬದಿಗೆ ಬಟ್ಟೆಯ ಪಟ್ಟಿಯಿಂದಲೇ ಜೋಡಿಸಿದರೆ ಮುಚ್ಚಳ ಕಳೆಯುವ ಭಯವಿಲ್ಲ. ಮುಂದೆ ಒಂದು ಲಾಡಿ ಹೊಲಿದರೆ ನಡುಗುವ ಕೈಗೂ ತೆಗೆಯಲು ಸುಲಭ.

ಇನ್ನು ಅಲಂಕಾರ. ಗುಳೇದಗುಡ್ಡದ ಖಣ ನಮ್ಮ ಭಾಗದ ಪ್ರತಿ ಅಜ್ಜಿಯ ಬೆರಳಿಗೂ ಪರಿಚಿತ. ಮೂವತ್ತು ಇಂಚು ಉದ್ದ, ಆರು ಇಂಚು ಅಗಲದ ಖಣದ ಪಟ್ಟಿಯನ್ನು ಪೆಟ್ಟಿಗೆಯ ಸುತ್ತ ಅಂಟಿಸಿ, ಮೇಲೆ ಕೆಳಗೆ ಉಳಿದ ಒಂದೊಂದು ಇಂಚನ್ನು ಒಳಕ್ಕೆ ಮತ್ತು ತಳಕ್ಕೆ ಮಡಚಿ. ಮುಚ್ಚಳಕ್ಕೆ ಹಳೆಯ ಇಳಕಲ್ ಸೀರೆಯ ಸೆರಗು ಒಪ್ಪುತ್ತದೆ. ಕೆಂಪು, ಹಸಿರಿನಂಥ ಗಾಢ ಬಣ್ಣವಿದ್ದರೆ ಮಂದ ಕಣ್ಣಿಗೂ ಕಾಣುತ್ತದೆ. ಒಳಗೆ ಬಿಳಿ ಹತ್ತಿ ಬಟ್ಟೆ ಹಾಕಿ. ವೃತ್ತಪತ್ರಿಕೆ ಹಾಸಬೇಡಿ, ಅದರಲ್ಲಿರುವ ಆಮ್ಲದಿಂದ ಫೋಟೋಗಳು ಹಳದಿಯಾಗುತ್ತವೆ.

ಅಂಟಿನ ವಿಷಯದಲ್ಲಿ ಎಚ್ಚರವಿರಲಿ. ಹಿಟ್ಟಿನ ಅಂಟಿಗೆ ಹುಳು ಹತ್ತುತ್ತವೆಂದು ಅದಕ್ಕೆ ಮೈಲುತುತ್ತ ಬೆರೆಸುವ ರೂಢಿಯಿದೆ. ಮೈಲುತುತ್ತ ವಿಷ. ಬಡಗಿಗಳು ಬಳಸುವ ಬಿಳಿ ಅಂಟೇ ಸಾಕು. ಅಂಟು ಒಣಗಿ, ವಾಸನೆ ಹೋಗುವವರೆಗೆ ಎರಡು ದಿನ ಪೆಟ್ಟಿಗೆಯನ್ನು ತೆರೆದಿಡಿ. ಟ್ರಂಕಿನಲ್ಲಿ ಹಾಕುವ ಡಾಂಬರ ಗುಳಿಗೆಯನ್ನು ಇದರಲ್ಲಿ ಇಡಲೇಬಾರದು. ಮರೆವಿನವರು ಅದನ್ನು ಪೇಪರಮಿಂಟ್ ಎಂದು ಬಾಯಿಗೆ ಹಾಕಿಕೊಳ್ಳಬಹುದು. ಅದರಿಂದ ರಕ್ತದ ಕೆಂಪುಕಣಗಳು ಒಡೆಯುವ ಅಪಾಯವಿದೆ. ಅದೇ ಕಾರಣಕ್ಕೆ ಗುಂಡಿ, ಮಣಿಗಳನ್ನೂ ಅಂಟಿಸಬೇಡಿ.

ಕತ್ತರಿಸುವ ಕೆಲಸ ನೀವು ಮಾಡಿ. ಬಟ್ಟೆ ಆರಿಸುವ, ಅಂಟು ಸವರುವ, ಮಡಿಕೆ ಒತ್ತುವ ಕೆಲಸವನ್ನು ಹಿರಿಯರಿಗೇ ಕೊಡಿ. ಕೌದಿ ಹೊಲಿದ ಕೈಗಳಿಗೆ ಆ ಕೆಲಸ ಹೊಸದಲ್ಲ. ಅಂಚು ಸೊಟ್ಟಗಾದರೆ ತಿದ್ದಲು ಹೋಗಬೇಡಿ.

ಒಳಗೆ ಏನಿರಲಿ?

ಹನ್ನೆರಡರಿಂದ ಹದಿನೈದು ಫೋಟೋ ಸಾಕು. ರಾಶಿ ಹಾಕಿದರೆ ಗಲಿಬಿಲಿ. ಮೂಲ ಫೋಟೋ ಬೇರೆಡೆ ಜೋಪಾನವಾಗಿರಲಿ. ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರತಿ ತೆಗೆಸಿ ಪೆಟ್ಟಿಗೆಯಲ್ಲಿಡಿ. ಹರಿದರೂ, ಕಣ್ಣೀರಿನಲ್ಲಿ ತೊಯ್ದರೂ ಚಿಂತೆಯಿಲ್ಲ. ಹಿಂಬದಿ ಹೆಸರು, ಸಂಬಂಧ, ಊರು, ವರ್ಷ ದಪ್ಪಕ್ಷರದಲ್ಲಿ ಬರೆಯಿರಿ.

ಇಪ್ಪತ್ತು, ಮೂವತ್ತರ ಹರೆಯದ ಚಿತ್ರಗಳನ್ನೇ ಹೆಚ್ಚು ಆರಿಸಿ. ಮದುವೆಯ ಜೋಡಿ, ಕಾರಹುಣ್ಣಿಮೆಗೆ ಸಿಂಗರಿಸಿದ ಎತ್ತು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಊಟಕ್ಕೆ ಕುಳಿತ ಬಳಗ, ಗೋಳಗುಮ್ಮಟದ ಮುಂದೆ ನಿಂತ ಶಾಲೆಯ ಮಕ್ಕಳು, ದುಡಿಯಲು ಪುಣೆಗೋ ಗೋವೆಗೋ ಹೋದ ಮಗ ಅಲ್ಲಿಂದ ಕಳಿಸಿದ ಫೋಟೋ, ಹೀಗೆ. ಮುಚ್ಚಳದ ಮೇಲೆ ಅವರ ಹರೆಯದ ಮುಖವೇ ಇರಲಿ. ಕನ್ನಡಿಯಲ್ಲಿ ಕಾಣುವ ಮುದಿಮುಖವನ್ನು ಗುರುತಿಸದವರೂ ಎಷ್ಟೋ ಸಲ ಇದನ್ನು ಗುರುತಿಸುತ್ತಾರೆ.

ಪರೀಕ್ಷೆ ಬೇಡ, ಮಾತು ಬೇಕು

ನಾವೆಲ್ಲ ಮಾಡುವ ತಪ್ಪೊಂದಿದೆ. ಫೋಟೋ ಮುಂದೆ ಹಿಡಿದು, ‘ಇವ ಯಾರು ಹೇಳ ನೋಡೂಣು?’ ಎಂದು ಕೇಳುತ್ತೇವೆ. ಉತ್ತರ ಬಾರದಿದ್ದರೆ, ‘ನಿನ್ನ ತಮ್ಮನ ನೆನಪೂ ಇಲ್ಲೇನು?’ ಎನ್ನುತ್ತೇವೆ. ಹಿರಿಯ ಜೀವ ನಾಚಿ ಮೌನವಾಗುತ್ತದೆ. ಅದರ ಬದಲು, ‘ಈ ಸೀರಿ ಎಷ್ಟ ಚೆಂದ ಐತಿ ಆಯಿ, ಇಳಕಲ್ಲಿಂದೇನು?’ ಎನ್ನಿ. ‘ಮುತ್ಯಾ, ಈ ಎತ್ತಿನ ಜೋಡಿ ಜೋರದಾವು’ ಎನ್ನಿ. ಹೇಳಿದ್ದು ತಪ್ಪಿದ್ದರೂ ತಿದ್ದದೆ ಕೇಳಿ. ಊಟದ ನಂತರ ಸಮಾಧಾನದ ಹೊತ್ತಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು.

ಮರೆವಿನ ಕಾಯಿಲೆಯ ಅನೇಕರು ಸಂಜೆಯಾಗುತ್ತಲೇ ತಮ್ಮ ಮನೆಯಲ್ಲೇ ಕುಳಿತು ‘ಮನೀಗಿ ಹೋಗೂಣು ನಡೀರಿ’ ಎಂದು ಹಟ ಹಿಡಿಯುವುದುಂಟು. ಸಿಂದಗಿ, ಇಂಡಿ ಕಡೆಗೆ ಮಕ್ಕಳ ಮನೆಗೆ ಬಂದು ನೆಲೆಸಿದ ಹಿರಿಯರಲ್ಲಿ ಕೆಲವರ ಹುಟ್ಟೂರು ಇಂದು ಇಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಮುಂದೆ ಆಲಮಟ್ಟಿ, ನಾರಾಯಣಪುರ ಜಲಾಶಯಗಳ ಹಿನ್ನೀರಿನಲ್ಲಿ ಕೃಷ್ಣೆಯ ದಂಡೆಯ ಎಷ್ಟೋ ಊರುಗಳು ಮುಳುಗಿದವು. ‘ಇದ ನಿನ್ನ ಮನಿ’ ಎಂದು ವಾದಿಸಿದರೂ, ‘ಆ ಮನಿ ನೀರಾಗ ಹೋಗೇತಿ’ ಎಂದರೂ ದುಃಖವೇ. ಪೆಟ್ಟಿಗೆ ತೆರೆದು ಹಳೆಯ ಪಡಸಾಲೆಯ ಚಿತ್ರ ಕೈಗಿಟ್ಟು, ‘ನಿಮ್ಮ ಮನಿ ಹೆಂಗಿತ್ತು ಹೇಳು’ ಎಂದು ಕೇಳಿ. ಹೋಗಲಾಗದ ಮನೆಯ ಬಗ್ಗೆ ಮಾತನಾಡಿದರೂ ಎಷ್ಟೋ ಸಲ ಜೀವ ತಣ್ಣಗಾಗುತ್ತದೆ. ಚಿತ್ರ ನೋಡಿ ಅಳುತ್ತಲೇ ಇದ್ದರೆ ಮಾತ್ರ ಅದನ್ನು ಎತ್ತಿಡಿ. ಅಕಾಲದಲ್ಲಿ ಹೋದ ಮಕ್ಕಳ ಫೋಟೋ ಇಡುವ ಮುನ್ನ ಎರಡು ಸಲ ಯೋಚಿಸಿ.

ಮುದುಕರು ಹಳೆಯದನ್ನು ಮೆಲುಕು ಹಾಕುವುದು ಮನಸ್ಸಿನ ಆರೋಗ್ಯದ ಕೆಲಸವೆಂದು ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಬರೆದರು. ಈ ವಿಧಾನದ 22 ಅಧ್ಯಯನಗಳನ್ನು 2018ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಪ್ರಯೋಜನವಿದೆ, ಆದರೆ ಅದು ಸಣ್ಣದು ಎಂದು ಕಂಡುಬಂತು. ಪೆಟ್ಟಿಗೆ ಕಾಯಿಲೆಯನ್ನು ಗುಣಪಡಿಸದು, ಮಾತ್ರೆಗೆ ಬದಲೂ ಅಲ್ಲ. ಅದು ಕೊಡುವುದು ದಿನದಲ್ಲಿ ಒಂದಿಷ್ಟು ಹೊತ್ತಿನ ನೆಮ್ಮದಿ. ಆರೈಕೆಯಲ್ಲಿ ದಣಿದ ಸೊಸೆಗೂ, ಮೊಮ್ಮಕ್ಕಳಿಗೂ ಅದರಲ್ಲಿ ಪಾಲಿದೆ. ದಣಿವು ಮಿತಿಮೀರಿದರೆ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಬರುವ ರವಿವಾರ ಟ್ರಂಕು ತೆಗೆಯಿರಿ. ಫೋಟೋದಲ್ಲಿರುವವರ ಹೆಸರು ಹೇಳಬಲ್ಲವರು ನಿಮ್ಮ ಮನೆಯಲ್ಲಿ ಇನ್ನೂ ಇರುವಾಗಲೇ ಕೇಳಿ ಬರೆದುಕೊಳ್ಳಿ.