ಸಂಚಾರಿ ಪುಸ್ತಕದಂಗಡಿಯೂ ಮಾದಾಪುರದ ಕನ್ನಡ ವಾಚಕರೂ

ಕನ್ನಡ ಗ್ರಂಥಗಳನ್ನು ವಾಚಕರ ಬಾಗಿಲಿಗೆ ಒಯ್ದು ಮಾರುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಹಾವೇರಿಯ ಕಡೆಯ ಗಳಗನಾಥವೆಂಬ ಗ್ರಾಮದಲ್ಲಿ 1869ರಲ್ಲಿ ಹುಟ್ಟಿ, ಆ ಊರಿನ ಹೆಸರಿನಿಂದಲೇ ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ಕಾದಂಬರಿಗಳನ್ನು ರಚಿಸಿದುದಷ್ಟೇ ಅಲ್ಲದೆ, ಅವುಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡಿಗರೆಲ್ಲರೂ ಬಲ್ಲ ಸಂಗತಿ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ಭಾಗದಲ್ಲಿ ವಿದ್ಯಾವಂತರ ಒಲವು ಮರಾಠಿಯ ಕಡೆಗೆ ಇದ್ದಿತು. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದುದು ಆ ಒಲವನ್ನು ಅರಿತೇ ಎನ್ನಬೇಕು. ಬರೆದವರೇ ಮಾರುವವರೂ ಆಗಿದ್ದುದರಿಂದ, “ಇದರಲ್ಲಿ ಏನಿದೆ?” ಎಂದು ಕೇಳಿದವನಿಗೆ ಅವರಿಗಿಂತ ಚೆನ್ನಾಗಿ ಉತ್ತರ ಹೇಳಬಲ್ಲವರು ಬೇರೊಬ್ಬರಿರಲಿಲ್ಲ. ಅವರ ಕಾಲ್ನಡಿಗೆಯ ಕಷ್ಟವನ್ನು ನಾವು ಕೊಂಡಾಡುತ್ತೇವೆ. ಈ ಎರಡನೆಯ ಅನುಕೂಲವನ್ನು ಮಾತ್ರ ಸಾಮಾನ್ಯವಾಗಿ ಗಮನಿಸುವುದಿಲ್ಲ. ಪ್ರಕೃತ ಲೇಖನದ ಉದ್ದೇಶ ಅದನ್ನೇ ಕುರಿತು ನಾಲ್ಕು ಮಾತು ಹೇಳುವುದಾಗಿದೆ.

ಉಪ್ಪು ಬೇಕಾದವನು ಉಪ್ಪಿನ ಅಂಗಡಿಯನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಪುಸ್ತಕದ ವಿಷಯದಲ್ಲಿ ಹಾಗಲ್ಲ. ಅದು ತನಗೆ ಬೇಕೆಂಬುದೇ ಅನೇಕ ವೇಳೆ ವಾಚಕನಿಗೆ ತಿಳಿದಿರುವುದಿಲ್ಲ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಒಂದು ಪ್ರತಿ ವಾಚಕನಿಗೂ ಅವನ ಪುಸ್ತಕ ದೊರೆಯಬೇಕೆಂಬುದು, ಇನ್ನೊಂದು ಪ್ರತಿ ಪುಸ್ತಕಕ್ಕೂ ಅದರ ವಾಚಕ ದೊರೆಯಬೇಕೆಂಬುದು. ಅದೇ ವರ್ಷ ತಮಿಳುನಾಡಿನ ಮನ್ನಾರಗುಡಿಯಲ್ಲಿ ಎತ್ತಿನ ಗಾಡಿಯ ಮೇಲೊಂದು ಗ್ರಂಥಾಲಯವು ಹಳ್ಳಿಗಳಿಗೆ ಹೊರಟಿತು. ಗಾಡಿಯಿಂದ ಮೋಟಾರಿಗೆ ಬಂದರೂ ತತ್ತ್ವ ಬದಲಾಗಲಿಲ್ಲ. 2014ರಲ್ಲಿ ಒಡಿಶಾದಲ್ಲಿ ಇಬ್ಬರು ಯುವ ಪುಸ್ತಕಪ್ರೇಮಿಗಳು ಮೊದಲು ಬೆನ್ನಚೀಲದಲ್ಲಿ, ಬಳಿಕ ವ್ಯಾನಿನಲ್ಲಿ ಪುಸ್ತಕಗಳನ್ನು ಸಾಗಿಸಿ, ಮುಂದೆ 20 ರಾಜ್ಯಗಳಲ್ಲಿ ಸುಮಾರು 10,000 ಕಿಲೋಮೀಟರ್ ಸಂಚರಿಸಿದುದು ಇತ್ತೀಚಿನ ಉದಾಹರಣೆ. ಇವೆಲ್ಲವುಗಳಲ್ಲಿಯೂ ಚಕ್ರವು ಪುಸ್ತಕವನ್ನು ಬೀದಿಯವರೆಗೆ ತಂದಿತು. ಅಲ್ಲಿಂದ ವಾಚಕನ ಕೈಗೆ ತಂದುದು ಮಾತು.

ಈಗ ನಮ್ಮ ಹೈದರಾಬಾದಿನ ವಿಷಯಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಗೆ ಈ ನಗರವೇ ರಾಜಧಾನಿಯಾಗಿದ್ದಿತು. ಓದಿಗಾಗಿಯೂ ನೌಕರಿಗಾಗಿಯೂ ಬಂದು ನೆಲಸಿದ ಕನ್ನಡಿಗರು ಕಾಚಿಗುಡದ ಸುತ್ತ ತಮ್ಮ ಶಾಲೆಯನ್ನೂ ಸಾಹಿತ್ಯ ಮಂದಿರವನ್ನೂ ಕಟ್ಟಿಕೊಂಡರು. ಉರ್ದುವೇ ಶಿಕ್ಷಣ ಮಾಧ್ಯಮವಾಗಿದ್ದ ನಿಜಾಮರ ಆಳ್ವಿಕೆಯಲ್ಲಿ ಅದು ಸಾಮಾನ್ಯ ಸಾಹಸವಲ್ಲ. ಆದರೆ ಮಾದಾಪುರದ ಕನ್ನಡಿಗರು ಬೇರೊಂದು ಅಲೆಯವರು. 1998ರಲ್ಲಿ ಅಲ್ಲಿ ಸೈಬರ್ ಟವರ್ಸ್ ಕಟ್ಟಡವು ಪ್ರಾರಂಭವಾದ ಮೇಲೆ ಕಂಪ್ಯೂಟರ್ ಉದ್ಯೋಗವನ್ನರಸಿ ಬಂದವರು. ಎತ್ತರದ ಕಟ್ಟಡಗಳಲ್ಲಿ ಒಂದೊಂದು ಮಹಡಿಗೆ ಒಂದೊಂದು ಭಾಷೆಯ ನೆರೆಹೊರೆಯಲ್ಲಿ ಚದುರಿ ವಾಸಿಸುವವರು. ಕಾಚಿಗುಡವು ಅವರಿಗೆ ನಗರದ ಇನ್ನೊಂದು ತುದಿ. ಭಾನುವಾರದ ಒಂದು ಅರ್ಧ ದಿನವನ್ನು ವ್ಯಯಿಸಿ ಕನ್ನಡ ಪುಸ್ತಕಕ್ಕಾಗಿ ಅಷ್ಟು ದೂರ ಬರುವವರು ಆಗಲೇ ವಾಚಕರಾದವರು. ಇನ್ನೂ ವಾಚಕರಾಗದವರು ಬರುವುದಿಲ್ಲ. ಸಂಚಾರಿ ಅಂಗಡಿಯ ಅವಶ್ಯಕತೆ ಇರುವುದು ಈ ಎರಡನೆಯವರಿಗೆ.

ಇಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಕಲಬುರಗಿಯಿಂದ ಮಗನ ಮನೆಗೆ ಬಂದಿರುವ ಅಜ್ಜಿ ಕನ್ನಡ ಓದಬಲ್ಲರು, ಆದರೆ ಸಣ್ಣಕ್ಷರ ಕಾಣದು. ಮಗನು ಓದಬಲ್ಲನು, ಆದರೆ ಶಾಲೆ ಬಿಟ್ಟ ಮೇಲೆ ಓದಿಲ್ಲ. ಮೊಮ್ಮಗಳು ಕನ್ನಡವನ್ನು ಆಡಬಲ್ಲಳು, ಓದಲಾರಳು. ಕನ್ನಡವು ಆ ಮನೆಯಲ್ಲಿ ಇನ್ನೊಂದು ತಲೆಮಾರು ನಿಲ್ಲುವುದೋ ಇಲ್ಲವೋ ಎಂಬುದು ಈ ಮೂರನೆಯವಳನ್ನು ಅವಲಂಬಿಸಿದೆ. ಆಕೆಗೆ ವರ್ಣಮಾಲೆಯ ಪುಸ್ತಕವನ್ನು ಕೊಡಿಸುವುದೇ ತಂದೆತಾಯಿಗಳ ಮೊದಲ ಆಲೋಚನೆ. ಹತ್ತು ವರ್ಷದ ಹುಡುಗಿಗೆ ಮೂರು ವರ್ಷದ ಮಗುವಿನ ಪುಸ್ತಕವನ್ನು ಕೊಟ್ಟರೆ ಅದು ಅವಮಾನವಾಗಿ ತೋರುವುದೆಂಬುದನ್ನು ಅವರು ಯೋಚಿಸುವುದಿಲ್ಲ.

ಅಂಗಡಿಯವನು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಹುಡುಗಿಗೆ ತೆಲುಗು ಓದಲು ಬರುತ್ತದೆಯೆ? ಬರುವ ಸಂಭವವೇ ಹೆಚ್ಚು. ತೆಲಂಗಾಣ ರಾಜ್ಯವು 2018ರಲ್ಲಿ ಮಾಡಿದ ಶಾಸನದಂತೆ 1ರಿಂದ 10ನೆಯ ತರಗತಿಯವರೆಗೆ ತೆಲುಗು ಬೋಧನೆ ಕಡ್ಡಾಯವಾಗಿದೆ. ಇದನ್ನು ಕೆಲವು ಕನ್ನಡಿಗರು ಕನ್ನಡಕ್ಕೆ ಬಂದ ಅಡ್ಡಿಯೆಂದು ಎಣಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಇದು ಕನ್ನಡಕ್ಕೆ ಸಿಕ್ಕ ಏಣಿ. ಎರಡು ಲಿಪಿಗಳೂ ಒಂದೇ ಮೂಲದವು. ಅ, ಆ, ಜ, ಣ, ದ, ನ, ಬ, ಮ, ಯ, ರ, ಲ ಮೊದಲಾದವು ತೆಲುಗು ಬಲ್ಲವರಿಗೆ ಹೆಚ್ಚುಕಡಿಮೆ ಪರಿಚಿತ ಮುಖಗಳೇ. ತಲೆಕಟ್ಟು ಮಾತ್ರ ತೆಲುಗಿನಲ್ಲಿ ಮೇಲಕ್ಕೆ ಕೊಂಕಿ ನಿಂತರೆ ಕನ್ನಡದಲ್ಲಿ ಅಡ್ಡವಾಗಿ ಮಲಗುತ್ತದೆ. ಹೊಸದಾಗಿ ಕಲಿಯಬೇಕಾದವು ಕ, ತ, ಶ, ಹ ಮುಂತಾದ ಕೆಲವೇ ಅಕ್ಷರಗಳು. ಕೀ, ಕೇ, ಕೋ ಎಂಬಲ್ಲಿ ನಾವು ಬಲಕ್ಕೆ ಪ್ರತ್ಯೇಕವಾಗಿ ಸೇರಿಸುವ ದೀರ್ಘದ ಚಿಹ್ನೆಯನ್ನು ಬಿಡಿಸಿ ಹೇಳಬೇಕು. ಅರ್ಕಾವೊತ್ತನ್ನಂತೂ ಹೇಳಲೇಬೇಕು, ಈಗಿನ ತೆಲುಗು ಮುದ್ರಣದಲ್ಲಿ ಅದರ ಬಳಕೆ ಇಲ್ಲವಾದುದರಿಂದ ಮಗುವು ‘ಕರ್ನಾಟಕ’ ಎಂಬ ಪದದಲ್ಲಿಯೇ ಮೊದಲು ಎಡವುತ್ತದೆ! ಇಷ್ಟನ್ನು ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ದೊಡ್ಡಕ್ಷರದ ಕಥೆಯ ಪುಸ್ತಕದೊಳಗೆ ಇಟ್ಟುಕೊಟ್ಟರೆ, ವರ್ಣಮಾಲೆಯಿಂದ ಆರಂಭಿಸಬೇಕಾದ ಪ್ರಮೇಯವೇ ಬಾರದು.

ಇದೇ ಪುಸ್ತಕದ ಅಕ್ಷರ ದೊಡ್ಡದಾದುದರಿಂದ ಅಜ್ಜಿಯೂ ಓದಬಹುದು. ಮೊಮ್ಮಗಳು ಎಡವಿದೆಡೆ ತಿದ್ದಲು ಮನೆಯಲ್ಲಿಯೇ ಒಬ್ಬರು ಸಿಕ್ಕಂತಾಯಿತು.

ಮಗನ ವಿಷಯ ಹೆಚ್ಚು ಕಠಿನ. ಬಹುಕಾಲ ಓದು ಬಿಟ್ಟವರು ಅಂಗಡಿಗೆ ಬಂದಾಗ ತಾವು ಹೆಸರು ಕೇಳಿದ, ತಮ್ಮ ಘನತೆಗೆ ತಕ್ಕ ಮಹಾಗ್ರಂಥವನ್ನೇ ಎತ್ತಿಕೊಳ್ಳುತ್ತಾರೆ. ಅದು ಮನೆಯ ಕಪಾಟಿನಲ್ಲಿ ಶೋಭಿಸುತ್ತದೆ. ಮಾರಾಟದ ದೃಷ್ಟಿಯಿಂದ ಲಾಭವೇ ಸರಿ, ಆದರೆ ಆ ಗಿರಾಕಿ ಪುನಃ ಬರುವುದಿಲ್ಲ. ಇಂಥವರಿಗೆ ಗೊರೂರರ ‘ಹಳ್ಳಿಯ ಚಿತ್ರಗಳು’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’, ಇಲ್ಲವೆ ಮಾಸ್ತಿಯವರ ಸಣ್ಣಕಥೆಗಳ ಒಂದು ಸಂಪುಟವನ್ನು ಮೊದಲು ಕೊಡುವುದು ಲೇಸು. ಕಲಬುರಗಿಯ ಕಡೆಯವರಾದರೆ ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಯನ್ನು ಎರಡನೆಯ ಭೇಟಿಗಾಗಿ ತೆಗೆದಿರಿಸಬೇಕು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಕೃತಿಯು ಗಾತ್ರದಲ್ಲಿ ದೊಡ್ಡದು. ಆದರೂ ಅದರಲ್ಲಿ ತಮ್ಮ ಮನೆಯ ಮಾತನ್ನೇ ಅಚ್ಚಿನಲ್ಲಿ ಕಂಡವರು ನಡುವೆ ಕೈಬಿಡುವುದು ಅಪರೂಪ.

ಇನ್ನು ವ್ಯಾನು ನಿಂತಲ್ಲಿ ನಡೆಸುವ ಕಾರ್ಯಕ್ರಮಗಳು. ಭಾಷಣ, ಹಾರ, ಸನ್ಮಾನಗಳನ್ನು ಇಲ್ಲಿಗೂ ತರಬೇಕೆಂಬ ಉತ್ಸಾಹ ನಮ್ಮ ಸಂಘಗಳಿಗೆ ಸಹಜವಾದುದೇ. ಅದನ್ನು ತಡೆದುಕೊಂಡರೆ ಒಳ್ಳೆಯದು. ಗುಡಿಯ ಜಗಲಿಯ ಮೇಲೆ ಒಬ್ಬನು ಭಾರತವನ್ನೋದಿ ಇನ್ನೊಬ್ಬನು ಅರ್ಥ ಹೇಳುತ್ತಿದ್ದ ಪದ್ಧತಿಯು ನಮ್ಮ ಹಳ್ಳಿಗಳಲ್ಲಿ ಅಕ್ಷರ ಬಾರದವರನ್ನೂ ಕಾವ್ಯದ ಬಳಕೆಯಲ್ಲಿ ಇಟ್ಟಿತ್ತು. ಅದರಿಂದ ನಾವು ಕಲಿಯಬೇಕಾದುದಿದೆ. ಇಪ್ಪತ್ತು ನಿಮಿಷಕ್ಕೆ ಮೀರದಂತೆ ಒಂದು ಕಥೆಯ ಭಾಗವನ್ನು ಗಟ್ಟಿಯಾಗಿ ಓದಿ, ಕುತೂಹಲ ಏರಿದೆಡೆಯಲ್ಲಿಯೇ ನಿಲ್ಲಿಸಬೇಕು. ಉಳಿದುದು ಪುಸ್ತಕದಲ್ಲಿದೆ, ಪುಸ್ತಕವು ವ್ಯಾನಿನಲ್ಲಿದೆ. ಓದಬೇಕಾದ ಭಾಗವನ್ನು ಹಿಂದಿನ ದಿನವೇ ಒಮ್ಮೆ ಬಾಯಿಬಿಟ್ಟು ಓದಿ ನೋಡಿಕೊಂಡಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳಿರುತ್ತೇನೆ.

ವ್ಯವಹಾರದ ಮಾತು ಸ್ವಲ್ಪ. ಮುದ್ರಿತ ಪುಸ್ತಕಗಳ ಮೇಲೆ ಸರಕು ಮತ್ತು ಸೇವಾ ತೆರಿಗೆ ಇಲ್ಲ. ಪ್ರಕಾಶಕರು ಕೊಡುವ ಕಮಿಷನ್ನಿನಲ್ಲಿಯೇ ಪೆಟ್ರೋಲಿನ ಖರ್ಚೂ ಬೆಂಗಳೂರಿನಿಂದ ತರಿಸುವ ಲಾರಿಯ ಬಾಡಿಗೆಯೂ ಕಳೆದುಹೋಗುವುದರಿಂದ, ಮಾರಾಟವಾಗದ ಪ್ರತಿಗಳನ್ನು ಹಿಂದಿರುಗಿಸುವ ಕರಾರು ಮೊದಲೇ ಆಗಿರಬೇಕು. ವಸತಿ ಸಮುಚ್ಚಯದ ನಿವಾಸಿಗಳ ಸಂಘದಿಂದ ಲಿಖಿತ ಅನುಮತಿ ಪಡೆಯದೆ ಹೋದರೆ ಗೇಟಿನ ಕಾವಲುಗಾರನೇ ಹಿಂದಕ್ಕೆ ಕಳುಹಿಸುತ್ತಾನೆ. ಅವನನ್ನು ತಪ್ಪೆನ್ನಲಾಗದು.

ಎಲ್ಲಕ್ಕಿಂತ ಮುಖ್ಯವಾದುದು ಒಂದು ನೋಟುಬುಕ್ಕು. ಯಾರು ಯಾವ ಪುಸ್ತಕವನ್ನು ಒಯ್ದರು, ಅವರಿಗೆ ಅದನ್ನು ಏಕೆ ಹೇಳಲಾಯಿತು ಎಂಬುದನ್ನು ಅಂದೇ ಬರೆದಿಡಬೇಕು. ಮುಂದಿನ ತಿಂಗಳು ಅದೇ ವಾರ, ಅದೇ ಗೇಟಿನ ಬಳಿ ವ್ಯಾನು ನಿಂತಾಗ, ಆ ಹುಡುಗಿಯನ್ನು ಕರೆದು ಎಷ್ಟನೆಯ ಪುಟದವರೆಗೆ ಬಂದಳೆಂದು ಕೇಳಬೇಕು. ಮುಗಿಸಿದ್ದಾಳೆಂದರೆ ಆ ಸಂಜೆಯ ಇಪ್ಪತ್ತು ನಿಮಿಷಗಳಲ್ಲಿ ಮೊದಲ ಐದನ್ನು ಅವಳಿಗೇ ಬಿಟ್ಟುಕೊಡಬಹುದು.