ಚಗಳಿ ಇರುವೆಯ ಗಾತ್ರಭೇದ ಮತ್ತು ತೋಟಗಾರಿಕೆಯಲ್ಲಿ ಅದರ ಮಹತ್ವ

ಕರಾವಳಿ ಮತ್ತು ಮಲೆನಾಡಿನ ಗೇರು, ಮಾವು, ಕಾಫಿ ತೋಟಗಳಲ್ಲಿ ಹಸಿರೆಲೆಗಳನ್ನು ಸೇರಿಸಿ ಗೂಡು ಕಟ್ಟುವ ಕೆಂಪಿರುವೆಯನ್ನು ಕಾಣದ ರೈತರಿಲ್ಲ. ಚಗಳಿ, ಕೆಂಜಿಗ ಮುಂತಾದ ಹೆಸರುಗಳಿಂದ ಕರೆಯಲ್ಪಡುವ ಇದರ ಶಾಸ್ತ್ರೀಯ ಹೆಸರು ಈಕೋಫಿಲ್ಲ ಸ್ಮರಾಗ್ಡಿನ. ಗೂಡನ್ನು ಬಿಡಿಸಿ ನೋಡಿದರೆ ಕೂಲಿ ಇರುವೆಗಳು ದೊಡ್ಡವು, ಚಿಕ್ಕವು ಎಂದು ಎರಡು ಗಾತ್ರದಲ್ಲಿರುವುದು ಕಂಡುಬರುತ್ತದೆ. ಚಿಕ್ಕವು ಇನ್ನೂ ಬೆಳೆಯಬೇಕಾದ ಮರಿಗಳೆಂದು ಭಾವಿಸುವುದುಂಟು. ಇದು ಸರಿಯಲ್ಲ. ಎರಡೂ ಪೂರ್ಣ ಬೆಳೆದ ಇರುವೆಗಳೇ. ಅವುಗಳ ಕೆಲಸ ಮಾತ್ರ ಬೇರೆ. ಈ ಇರುವೆಯನ್ನು ಕೀಟ ಹತೋಟಿಗೆ ಬಳಸಿಕೊಳ್ಳಲು ಬಯಸುವ ರೈತರು ಈ ವಿಷಯವನ್ನು ಮೊದಲು ತಿಳಿಯಬೇಕು.

ಗಾತ್ರ ನಿರ್ಧಾರವಾಗುವ ಬಗೆ

ದೊಡ್ಡ ಕೂಲಿ ಇರುವೆಯ ಉದ್ದ ಸುಮಾರು 8ರಿಂದ 10 ಮಿ.ಮೀ. ಚಿಕ್ಕದು ಸುಮಾರು ಅದರ ಅರ್ಧದಷ್ಟು. ನಡುವಣ ಗಾತ್ರದವು ತೀರ ವಿರಳ. ಇರುವೆಯ ಮೈಮೇಲಿನ ಕವಚ ಗಟ್ಟಿಯಾದುದು. ಕೋಶಾವಸ್ಥೆ ಮುಗಿಸಿ ಕಾಲು ಮೂಡಿದ ಇರುವೆಯಾಗಿ ಹೊರಬಂದ ಮೇಲೆ ಅದು ಮತ್ತೆ ಪೊರೆ ಕಳಚುವುದಿಲ್ಲ, ಬೆಳೆಯುವುದೂ ಇಲ್ಲ. ಬೆಳವಣಿಗೆಯೆಲ್ಲ ಮರಿಹುಳುವಿನ ಹಂತದಲ್ಲಿಯೇ ಮುಗಿಯುತ್ತದೆ. ಆ ಹಂತದಲ್ಲಿ ದೊರೆತ ಆಹಾರವೇ ಮುಖ್ಯವಾಗಿ ಗಾತ್ರವನ್ನು ನಿರ್ಧರಿಸುತ್ತದೆ. ಒಂದೇ ರಾಣಿಯ ಮೊಟ್ಟೆಗಳಿಂದ ಎರಡು ಬಗೆಯ ಕೂಲಿಗಳೂ ಹುಟ್ಟುತ್ತವೆ, ಎರಡೂ ಹೆಣ್ಣುಗಳೇ.

ಕೆಲಸದ ಹಂಚಿಕೆ

ಚಿಕ್ಕ ಇರುವೆಗಳು ಹೆಚ್ಚಾಗಿ ಗೂಡಿನೊಳಗೇ ಇರುತ್ತವೆ. ಮೊಟ್ಟೆ ಮತ್ತು ಎಳೆಯ ಮರಿಹುಳುಗಳ ಆರೈಕೆ, ಗೂಡಿನಲ್ಲಿ ಸೇರಿಕೊಂಡಿರುವ ರಸ ಹೀರುವ ಕೀಟಗಳಿಂದ ಸಿಹಿ ದ್ರವ ಸಂಗ್ರಹಿಸುವುದು ಇವುಗಳ ಕೆಲಸ. ದೊಡ್ಡವು ಹೊರಗೆ ಸಂಚರಿಸಿ ಬೇಟೆಯಾಡುತ್ತವೆ, ಶತ್ರುಗಳೊಡನೆ ಕಾದಾಡುತ್ತವೆ ಮತ್ತು ಗೂಡು ಕಟ್ಟುತ್ತವೆ. ದೊಡ್ಡ ಇರುವೆಗಳಲ್ಲಿಯೂ ವಯಸ್ಸಾದವು ಗಡಿಭಾಗದ ಗೂಡುಗಳಲ್ಲಿ ನೆಲೆಸಿ ಕಾವಲು ಕಾಯುತ್ತವೆ. ಟೊಂಗೆ ಅಲುಗಾಡಿಸಿದ ಕೂಡಲೆ ಮೈಮೇಲೇರಿ ಕಚ್ಚುವವು ದೊಡ್ಡವೇ.

ಗೂಡು ಕಟ್ಟುವ ರೀತಿ ಗಮನಾರ್ಹವಾದುದು. ದೊಡ್ಡ ಇರುವೆಗಳು ಸಾಲಾಗಿ ನಿಂತು, ಒಂದು ಇನ್ನೊಂದರ ಸೊಂಟ ಹಿಡಿದು, ಎಲೆಯ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಬೇರೆ ಕೆಲವು ಬಲಿತ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು ಎರಡು ಅಂಚುಗಳಿಗೂ ಮುಟ್ಟಿಸುತ್ತವೆ. ಮರಿಹುಳುವಿನ ಬಾಯಿಂದ ಹೊರಬರುವ ರೇಷ್ಮೆಯ ಎಳೆ ಎಲೆಗಳನ್ನು ಹೊಲಿಯುತ್ತದೆ. ಅಂದರೆ, ದೊಡ್ಡ ಇರುವೆಗಳು ಎಷ್ಟೇ ಇದ್ದರೂ ಮರಿಹುಳುಗಳಿಲ್ಲದೆ ಹೊಸ ಗೂಡಿಲ್ಲ. ಮರಿಹುಳುಗಳನ್ನು ಸಾಕಲು ಚಿಕ್ಕ ಇರುವೆಗಳು ಬೇಕು.

ಬೆಳೆಗೆ ಆಗುವ ಲಾಭ ಮತ್ತು ತೊಂದರೆ

ಚೀನಾದ ದಕ್ಷಿಣ ಭಾಗದಲ್ಲಿ ಕಿತ್ತಳೆ ಜಾತಿಯ ಹಣ್ಣುಗಳ ರಕ್ಷಣೆಗಾಗಿ ಈ ಇರುವೆಗಳನ್ನು ಗೂಡು ಸಮೇತ ಮಾರುತ್ತಿದ್ದರೆಂದು ಕ್ರಿ.ಶ. 304ರದೆಂದು ಹೇಳಲಾಗುವ ಗ್ರಂಥವೊಂದು ತಿಳಿಸುತ್ತದೆ. ಉತ್ತರ ಆಸ್ಟ್ರೇಲಿಯದ ಗೇರು ಮತ್ತು ಮಾವಿನ ತೋಟಗಳಲ್ಲಿ 1990ರ ದಶಕದಿಂದ ನಡೆದ ಪ್ರಯೋಗಗಳು ಇವುಗಳ ಉಪಯುಕ್ತತೆಯನ್ನು ದೃಢಪಡಿಸಿವೆ. ನಮ್ಮಲ್ಲಿ ಗೇರಿನ ಮುಖ್ಯ ಶತ್ರುವಾದ ಟೀ ಸೊಳ್ಳೆಯು ಎಳೆ ಚಿಗುರು, ಹೂಗೊಂಚಲು ಮತ್ತು ಎಳೆಯ ಬೀಜಗಳ ರಸ ಹೀರಿ ಒಣಗಿಸುತ್ತದೆ. ಚಗಳಿಗಳು ಚಿಗುರಿನ ಮೇಲೆ ಸದಾ ಓಡಾಡುತ್ತಿರುವ ಮರದಲ್ಲಿ ಈ ಕೀಟ ನಿಲ್ಲುವುದು ಕಷ್ಟ.

ತೊಂದರೆಗಳೂ ಇಲ್ಲದಿಲ್ಲ. ಸಿಹಿ ದ್ರವದ ಆಸೆಗಾಗಿ ಇವು ಹಿಟ್ಟು ತಿಗಣೆ, ಶಲ್ಕ ಕೀಟ ಮುಂತಾದುವನ್ನು ಕಾಪಾಡುತ್ತವೆ. ಕಾಫಿ, ಮಾವು ಕೊಯ್ಯುವ ಆಳುಗಳಿಗೆ ಕಚ್ಚಿ ಕಾಟ ಕೊಡುತ್ತವೆ. ಗೇರು ಬೀಜವನ್ನು ಹೆಚ್ಚಾಗಿ ನೆಲದಿಂದ ಆಯುವುದರಿಂದ ಅಲ್ಲಿ ಈ ಕಾಟ ಕಡಿಮೆ. ಆದುದರಿಂದ ಗೇರು ತೋಟದಲ್ಲಿ ಇವನ್ನು ಉಳಿಸಿಕೊಳ್ಳುವುದು ಲಾಭದಾಯಕ. ಕಾಫಿ ತೋಟಕ್ಕೆ ಈ ಸಲಹೆ ಅನ್ವಯಿಸುವುದಿಲ್ಲ.

ಗೂಡು ಸಾಗಿಸುವಾಗ ಅನುಸರಿಸಬೇಕಾದ ಕ್ರಮಗಳು

ಕಾಂಡದ ಮೇಲೆ ಹರಿದಾಡುವ ದೊಡ್ಡ ಇರುವೆಗಳನ್ನಷ್ಟೆ ಹಿಡಿದು ಬೇರೆ ಮರಕ್ಕೆ ಬಿಟ್ಟರೆ ಅವು ಅಲ್ಲಿ ನೆಲೆಯೂರುವುದಿಲ್ಲ. ಸಂಸಾರ ಪೂರ್ತಿಯಾಗಿ ಬರಬೇಕು.

1. ಹೊಸ ಹಸಿರೆಲೆಯ ಗೂಡುಗಳನ್ನೇ ಆರಿಸಬೇಕು. ಒಣಗಿದ ಗೂಡುಗಳು ಖಾಲಿಯಾಗಿರಬಹುದು.

2. ಇರುವೆಗಳ ಓಡಾಟ ಕಡಿಮೆಯಿರುವ ಮುಂಜಾನೆ ಟೊಂಗೆ ಸಮೇತ ಗೂಡು ಕತ್ತರಿಸಿ, ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು.

3. ಒಂದು ಸಂಸಾರದ ಗೂಡುಗಳು ಅಕ್ಕಪಕ್ಕದ ಹಲವು ಮರಗಳಲ್ಲಿ ಹರಡಿರುತ್ತವೆ. ಸಾಮಾನ್ಯವಾಗಿ ರಾಣಿ ಇರುವುದು ಅವುಗಳಲ್ಲಿ ಒಂದರಲ್ಲಿ ಮಾತ್ರ. ರಾಣಿ ಬಾರದಿದ್ದರೆ ಹೊಸ ಕೂಲಿಗಳು ಹುಟ್ಟದೆ ಸಂಸಾರ ಕ್ರಮೇಣ ನಶಿಸುತ್ತದೆ. ಆದುದರಿಂದ ಸಾಧ್ಯವಾದಷ್ಟು ಎಲ್ಲ ಗೂಡುಗಳನ್ನೂ ತರಬೇಕು.

4. ಬೇರೆ ಬೇರೆ ಸಂಸಾರಗಳನ್ನು ಬೆರೆಸಬಾರದು. ಒಂದು ಮರದ ಕೆಲವು ಇರುವೆಗಳನ್ನು ಇನ್ನೊಂದು ಮರದ ಮೇಲೆ ಬಿಟ್ಟು ನೋಡಬೇಕು. ಕಾದಾಡಿದರೆ ಸಂಸಾರ ಬೇರೆ ಎಂದು ತಿಳಿಯಬೇಕು.

5. ಒಂದು ಸಂಸಾರಕ್ಕೆ ಸೇರಿದ ಮರಗಳ ನಡುವೆ ಹಗ್ಗ ಅಥವಾ ಬಿದಿರಿನ ಗಳ ಕಟ್ಟಿ ಓಡಾಟಕ್ಕೆ ದಾರಿ ಮಾಡಬೇಕು.

6. ಚಟ್ನಿಗಾಗಿ ಗೂಡು ಇಳಿಸುವವರು ಒಂದೇ ಸಂಸಾರದ ಎಲ್ಲ ಗೂಡುಗಳನ್ನು ಇಳಿಸಬಾರದು.

7. ಚಗಳಿ ದಟ್ಟವಾಗಿದ್ದು ಚಿಗುರು ಆರೋಗ್ಯವಾಗಿರುವ ಮರಗಳಿಗೆ ಸುಮ್ಮನೆ ಕೀಟನಾಶಕ ಸಿಂಪಡಿಸಬಾರದು. ಸಿಂಪರಣೆಗೆ ಮೊದಲು ಸಿಗುವವು ಹೊರಗೆ ಓಡಾಡುವ ದೊಡ್ಡ ಇರುವೆಗಳು. ಅವು ಸತ್ತರೆ ಚಿಕ್ಕವು ಬೆಳೆದು ಆ ಸ್ಥಾನ ತುಂಬುವುದಿಲ್ಲ. ಗೂಡಿನ ಮರಿಹುಳುಗಳು ಬಲಿತು ಹೊಸ ಇರುವೆಗಳು ಹೊರಬರುವವರೆಗೆ ಮರಕ್ಕೆ ಸಾಕಷ್ಟು ಕಾವಲು ಇರುವುದಿಲ್ಲ. ಟೀ ಸೊಳ್ಳೆಗೆ ಅಷ್ಟು ಅವಕಾಶ ಸಾಕು.

ಚಿಗುರು ಮೂಡುವ ಕಾಲದಲ್ಲಿ ಪ್ರತಿ ಮರವನ್ನೂ ಪರೀಕ್ಷಿಸಿ, ಚಗಳಿ ಇರುವ ಮರಗಳಿಗೆ ಗುರುತು ಹಾಕಿಕೊಂಡರೆ ಸಿಂಪರಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನು ನಿರ್ಧರಿಸಬಹುದು. ಇದರಿಂದ ಔಷಧಿಯ ಖರ್ಚೂ ಉಳಿಯುತ್ತದೆ.